ಎನ್‌ಕ್ಲೆಕ್ಸ್‌ಗೆ ಮತ್ತೆ ಕೂರುವ ಮುನ್ನ

ಅಮೆರಿಕದಲ್ಲಿ ನರ್ಸ್ ಆಗಿ ಕೆಲಸ ಮಾಡಲು ಬೇಕಾದ ಎನ್‌ಕ್ಲೆಕ್ಸ್-ಆರ್‌ಎನ್ ಪರೀಕ್ಷೆಯಲ್ಲಿ ನಾನು ಒಂದಕ್ಕಿಂತ ಹೆಚ್ಚು ಬಾರಿ ಅನುತ್ತೀರ್ಣಳಾಗಿದ್ದೇನೆ. ಈಗ ಮತ್ತೆ ಸಿದ್ಧಳಾಗುತ್ತಿದ್ದೇನೆ. ದಾವಣಗೆರೆಯಲ್ಲಿ ನನ್ನೊಂದಿಗೆ ಬಿ.ಎಸ್ಸಿ. ನರ್ಸಿಂಗ್ ಓದಿದವರಲ್ಲೂ, ಇಂದು ವಾರ್ಡಿನಲ್ಲಿ ಜೊತೆಗೆ ದುಡಿಯುವವರಲ್ಲೂ ಇದೇ ಸ್ಥಿತಿಯಲ್ಲಿರುವವರು ಹಲವರಿದ್ದಾರೆ. ಈ ಬಾರಿಯ ಸಿದ್ಧತೆಯಲ್ಲಿ ನಾನು ಏನನ್ನು ಬದಲಿಸಿದ್ದೇನೆ, ಏಕೆ ಬದಲಿಸಿದ್ದೇನೆ ಎಂಬುದನ್ನು ಅವರಿಗಾಗಿ ಬರೆಯುತ್ತಿದ್ದೇನೆ.

ಪರೀಕ್ಷೆ ಬರೆದು ಬಂದವರಿಗೆ ಕಿರಿಯರು ಮೊದಲು ಕೇಳುವುದು "ಎಷ್ಟನೇ ಪ್ರಶ್ನೆಗೆ ನಿಂತಿತಕ್ಕಾ?" ಎಂದು. ಪರೀಕ್ಷೆ ಎಷ್ಟನೇ ಪ್ರಶ್ನೆಗೆ ನಿಂತಿತೆಂಬುದರಿಂದಲೇ ಫಲಿತಾಂಶ ಗೊತ್ತಾಗುತ್ತದೆ ಎಂಬ, ಈ ಪ್ರಶ್ನೆಯ ಹಿಂದಿರುವ ನಂಬಿಕೆ ಸರಿಯಲ್ಲ. ನಾವು ಕೊಡುವ ಪ್ರತಿ ಉತ್ತರದ ನಂತರ ಕಂಪ್ಯೂಟರ್ ನಮ್ಮ ಸಾಮರ್ಥ್ಯವನ್ನು ಮತ್ತೆ ಅಳೆದು, ಅದಕ್ಕೆ ಹೊಂದುವ ಕಠಿಣತೆಯ ಮುಂದಿನ ಪ್ರಶ್ನೆಯನ್ನು ಆರಿಸುತ್ತದೆ. ಆದ್ದರಿಂದ ಎಷ್ಟೇ ಚೆನ್ನಾಗಿ ಓದಿದವರಿಗೂ ಪರೀಕ್ಷೆ ಕಷ್ಟವೆಂದೇ ಅನ್ನಿಸುತ್ತದೆ. ಕನಿಷ್ಠ 85, ಗರಿಷ್ಠ 150 ಪ್ರಶ್ನೆಗಳು, 5 ಗಂಟೆಯ ಅವಧಿ. ಅಭ್ಯರ್ಥಿಯು ಉತ್ತೀರ್ಣ ಮಟ್ಟದ ಮೇಲಿದ್ದಾಳೆಂದೋ ಕೆಳಗಿದ್ದಾಳೆಂದೋ ಶೇ. 95ರಷ್ಟು ಖಚಿತವಾದಾಗ ಪರೀಕ್ಷೆ ನಿಲ್ಲುತ್ತದೆ. 85ಕ್ಕೆ ನಿಂತವರಲ್ಲಿ ಪಾಸಾದವರೂ ಇರುತ್ತಾರೆ, ಫೇಲಾದವರೂ ಇರುತ್ತಾರೆ.

ಅನುತ್ತೀರ್ಣರಾದವರಿಗೆ ಅಂಕಪಟ್ಟಿ ಬರುವುದಿಲ್ಲ. ಪ್ರತಿ ವಿಭಾಗದಲ್ಲಿ ನಾವು ಉತ್ತೀರ್ಣ ಮಟ್ಟಕ್ಕಿಂತ ಮೇಲಿದ್ದೇವೋ, ಅದರ ಹತ್ತಿರವಿದ್ದೇವೋ, ಕೆಳಗಿದ್ದೇವೋ ಎಂದು ಹೇಳುವ ವರದಿ ಬರುತ್ತದೆ. ದುಃಖದಲ್ಲಿ ಅನೇಕರು ಇದನ್ನು ಸರಿಯಾಗಿ ಓದದೆ ಬದಿಗಿಡುತ್ತಾರೆ. ಮರುಸಿದ್ಧತೆಗೆ ಇದಕ್ಕಿಂತ ಮುಖ್ಯವಾದ ಕಾಗದ ಇನ್ನೊಂದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ನನ್ನ ವರದಿಯಲ್ಲಿ ಔಷಧಿಗಳ ವಿಭಾಗ ಮಟ್ಟಕ್ಕಿಂತ ಮೇಲಿತ್ತು; ಪರೀಕ್ಷೆಯಲ್ಲಿ ಅತಿ ಹೆಚ್ಚು ಪಾಲು ಪಡೆಯುವ 'ಆರೈಕೆಯ ನಿರ್ವಹಣೆ' ಕೆಳಗಿತ್ತು. ದಪ್ಪ ಪುಸ್ತಕವನ್ನು ಮತ್ತೆ ಮೊದಲ ಪುಟದಿಂದ ಓದಿದರೆ ಈ ಕೊರತೆ ತುಂಬುವುದಿಲ್ಲ.

ಏಕೆಂದರೆ ಆ ವಿಭಾಗ ಕೇಳುವುದು ತೀರ್ಮಾನವನ್ನು. ನಾಲ್ವರು ರೋಗಿಗಳಿದ್ದಾರೆ: ಒಬ್ಬರಿಗೆ ಮೊಣಕಾಲಿನ ಶಸ್ತ್ರಚಿಕಿತ್ಸೆಯ ನೋವು, ಒಬ್ಬರಿಗೆ ಬಹುಕಾಲದ ಸಿ.ಒ.ಪಿ.ಡಿ. (ಉಸಿರಾಟ ಕಷ್ಟವಾಗಿಸುವ ಶ್ವಾಸಕೋಶದ ಕಾಯಿಲೆ), ಆಮ್ಲಜನಕದ ಮಟ್ಟ ಶೇ. 90, ಒಬ್ಬರು ಡಿಸ್ಚಾರ್ಜ್‌ಗೆ ಕಾಯುತ್ತಿದ್ದಾರೆ, ಇನ್ನೊಬ್ಬರು ಥೈರಾಯ್ಡ್ ತೆಗೆಸಿಕೊಂಡು ಬಂದು ತುಟಿಯ ಸುತ್ತ ಜುಮುಜುಮು ಎನ್ನುತ್ತಿದೆ ಎನ್ನುತ್ತಾರೆ. ಮೊದಲು ಯಾರ ಬಳಿಗೆ ಹೋಗಬೇಕು? ಶೇ. 90 ಎಂಬ ಸಂಖ್ಯೆ ಕಣ್ಣು ಸೆಳೆಯುತ್ತದೆ, ಆದರೆ ಆ ರೋಗಿಯಲ್ಲಿ ಅದು ನಿರೀಕ್ಷಿತ. ಜುಮುಜುಮು ಮಾತ್ರ ಥೈರಾಯ್ಡ್‌ಗೆ ಅಂಟಿಕೊಂಡಿರುವ ಪ್ಯಾರಾಥೈರಾಯ್ಡ್ ಗ್ರಂಥಿಗಳಿಗೆ ಪೆಟ್ಟಾಗಿ ಕ್ಯಾಲ್ಸಿಯಂ ಇಳಿಯುತ್ತಿರುವುದರ ಸೂಚನೆಯಾಗಿರಬಹುದು; ಅದು ಮುಂದುವರಿದರೆ ಗಂಟಲಿನ ಸ್ನಾಯು ಬಿಗಿದು ಉಸಿರೇ ಕಟ್ಟಬಹುದು. ಈ ವಿಷಯ ನಮಗೆ ಗೊತ್ತಿಲ್ಲದ್ದಲ್ಲ. ಗೊತ್ತಿದ್ದುದನ್ನು ಆ ಕ್ಷಣದಲ್ಲಿ ಇತರ ಮೂವರ ಸ್ಥಿತಿಯೊಂದಿಗೆ ತೂಗಿ ನೋಡುವ ಅಭ್ಯಾಸ ನಮಗೆ ಕಡಿಮೆ.

ಇದಕ್ಕೆ ನಮ್ಮ ವಾರ್ಡುಗಳ ಕೆಲಸದ ಕ್ರಮವೂ ಕಾರಣ. ವೈದ್ಯರು ರೌಂಡ್ಸ್‌ಗೆ ಬರುತ್ತಾರೆ, ಕೇಸ್ ಶೀಟಿನಲ್ಲಿ ಬರೆಯುತ್ತಾರೆ, ನಾವು ಅದರಂತೆ ಮಾಡುತ್ತೇವೆ. ಊಟ ಮಾಡಿಸುವುದು, ಮಗ್ಗುಲು ಬದಲಿಸುವುದು ಬಹುಮಟ್ಟಿಗೆ ರೋಗಿಯ ಕಡೆಯವರ ಪಾಲು. ಪರೀಕ್ಷೆಯ ಪ್ರಶ್ನೆಗಳಲ್ಲಿ ಬರುವ ನರ್ಸ್ ತನ್ನ ಸಹಾಯಕರಿಗೆ ಕೆಲಸ ಹಂಚುತ್ತಾಳೆ: ಸ್ಥಿರವಾಗಿರುವ ರೋಗಿಯ ಬಿ.ಪಿ. ನೋಡಲು ಕಳಿಸಬಹುದು, ಆದರೆ ರೋಗಿಯ ಸ್ಥಿತಿಯನ್ನು ಅಳೆಯುವುದನ್ನೂ ರೋಗಿಗೆ ತಿಳಿವಳಿಕೆ ಕೊಡುವುದನ್ನೂ ತನ್ನ ಕೈಯಲ್ಲೇ ಇಟ್ಟುಕೊಳ್ಳಬೇಕು. ಹಾಗೆಯೇ, ರಕ್ತ ಏರಿಸುತ್ತಿರುವಾಗ ರೋಗಿಗೆ ಚಳಿ, ಸೊಂಟನೋವು ಕಾಣಿಸಿಕೊಂಡರೆ 'ವೈದ್ಯರಿಗೆ ತಿಳಿಸು' ಎಂಬ ಆಯ್ಕೆ ಸುರಕ್ಷಿತವೆಂದು ತೋರುತ್ತದೆ. ಆದರೆ ಮೊದಲ ಕೆಲಸ ರಕ್ತ ಏರಿಸುವುದನ್ನು ನಿಲ್ಲಿಸುವುದು, ಹೊಸ ಟ್ಯೂಬಿನಲ್ಲಿ ನಾರ್ಮಲ್ ಸಲೈನ್ ಹಾಕಿ ರಕ್ತನಾಳವನ್ನು ಉಳಿಸಿಕೊಳ್ಳುವುದು. ತಿಳಿಸುವುದು ಆನಂತರ. ನಮ್ಮ ನರ್ಸುಗಳ ಕೌಶಲ ಕಡಿಮೆಯೆಂದು ನಾನು ಎಂದಿಗೂ ಒಪ್ಪುವುದಿಲ್ಲ. ಇಷ್ಟು ಹಾಸಿಗೆಗಳನ್ನು ಏಕಕಾಲಕ್ಕೆ ನೋಡಿಕೊಳ್ಳುವವರಿಗೆ ತೀರ್ಮಾನಿಸುವ ಶಕ್ತಿ ಖಂಡಿತ ಇದೆ, ಅದನ್ನು ಬಾಯಿಬಿಟ್ಟು ಹೇಳಲು ಅವಕಾಶವಿರಲಿಲ್ಲ, ಅಷ್ಟೆ.

ಆದ್ದರಿಂದ ಈಗ ಡ್ಯೂಟಿಯೇ ನನ್ನ ಮುಖ್ಯ ಅಭ್ಯಾಸ. ಹಿಂದಿನ ಪಾಳಿಯವರು ರೋಗಿಗಳ ವಿವರ ಒಪ್ಪಿಸುವ ಹ್ಯಾಂಡೋವರ್ ಮುಗಿದ ಕೂಡಲೇ ಯಾವ ಹಾಸಿಗೆಗೆ ಮೊದಲು ಹೋಗಬೇಕು, ಏಕೆ, ಎಂದು ಮನಸ್ಸಿನಲ್ಲೇ ನಿರ್ಧರಿಸಿ, ರೌಂಡ್ಸ್‌ನಲ್ಲಿ ವೈದ್ಯರು ಹೇಳುವುದರೊಂದಿಗೆ ಹೋಲಿಸಿ ನೋಡುತ್ತೇನೆ. ಮನೆಯಲ್ಲಿ ಪ್ರಶ್ನೆಗಳ ಸಂಖ್ಯೆ ಇಳಿಸಿದ್ದೇನೆ, ಆದರೆ ತಪ್ಪಾದ ಪ್ರತಿ ಆಯ್ಕೆಯೂ ಏಕೆ ತಪ್ಪೆಂದು ಕನ್ನಡದಲ್ಲೇ ಒಂದು ಸಾಲು ಬರೆಯುತ್ತೇನೆ. 2023ರ ಏಪ್ರಿಲ್‌ನಿಂದ ಬಂದ ಹೊಸ ಮಾದರಿಯಲ್ಲಿ ಒಬ್ಬ ರೋಗಿಯ ಕುರಿತು ಆರು ಪ್ರಶ್ನೆಗಳ ಕೇಸ್ ಸ್ಟಡಿಗಳಿವೆ. ಭಾಗಶಃ ಸರಿಯಾದ ಉತ್ತರಕ್ಕೂ ಅಂಕವಿದೆ. ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆ ಓದುವುದಿಲ್ಲ, ಮಲಗುತ್ತೇನೆ.

ಮರುಪರೀಕ್ಷೆಗೆ ಕನಿಷ್ಠ 45 ದಿನ ಕಾಯಬೇಕು. ಅಮೆರಿಕದ ಕೆಲವು ರಾಜ್ಯಗಳ ನರ್ಸಿಂಗ್ ಮಂಡಳಿಗಳ ನಿಯಮ ಇನ್ನೂ ಬಿಗಿ. ನೋಂದಣಿಗೆ ಪ್ರತಿ ಸಲವೂ 200 ಡಾಲರ್ ಕಟ್ಟಬೇಕು, ಅಮೆರಿಕದ ಹೊರಗೆ ಬರೆಯುವವರಿಗೆ ಅದರ ಮೇಲೆ ಇನ್ನಷ್ಟು ಶುಲ್ಕವಿದೆ. ಕೇಂದ್ರ ಬೆಂಗಳೂರಿನಲ್ಲಿರುವುದರಿಂದ ರಾತ್ರಿ ಬಸ್ಸಿನಲ್ಲಿ ಹೋಗಿ ನೇರವಾಗಿ ಪರೀಕ್ಷೆಗೆ ಕೂರದೆ, ಹಿಂದಿನ ದಿನವೇ ರೈಲಿನಲ್ಲಿ ಹೋಗಿ ಚಿಕ್ಕಮ್ಮನ ಮನೆಯಲ್ಲಿ ಉಳಿಯಲಿದ್ದೇನೆ. ಇನ್ನೊಂದು ಮಾತು: ಪಾಸ್‌ಪೋರ್ಟಿನಲ್ಲಿರುವ ಹೆಸರೂ ನೋಂದಣಿಯ ಹೆಸರೂ ಒಂದೇ ಆಗಿರಬೇಕು. ತಂದೆಯ ಹೆಸರನ್ನೂ ಊರಿನ ಹೆಸರನ್ನೂ ಇನಿಷಿಯಲ್ ಆಗಿ ಬರೆದುಕೊಂಡು ಬೆಳೆದ ನಮ್ಮ ಕಡೆಯವರು ಇದನ್ನು ಹಣ ಕಟ್ಟುವ ಮೊದಲೇ ನೋಡಿಕೊಳ್ಳುವುದು ಒಳ್ಳೆಯದು.