ಪೊದೆ ಯಾರಿಗೆ ಮರೆ?

ಮುಂಬೈನ ಬೊರಿವಲಿಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದಲ್ಲಿ ಪ್ರಾಣಿಗಳ ಸರ್ವೆ ಕೆಲಸಕ್ಕೆ ಹೊಸಬರು ಬಂದರೆ ನಾನು ಅವರ ಕೈಗೆ ಮೊದಲು ಕೊಡುವುದು ಕ್ಯಾಮೆರಾ ಅಲ್ಲ, ಒಂದು ಹಲಗೆ. ಅದರ ಮೇಲೆ ಕಪ್ಪು ಬಿಳಿ ಚೌಕ ಬರೆದಿರುತ್ತದೆ. ಒಬ್ಬರು ಹಲಗೆ ಹಿಡಿದು ಗಿಡಗಳ ನಡುವೆ ನಿಲ್ಲಬೇಕು. ಇನ್ನೊಬ್ಬರು ಹದಿನೈದು ಮೀಟರ್ ದೂರದಿಂದ ಎಷ್ಟು ಚೌಕ ಮುಚ್ಚಿವೆ ಎಂದು ಎಣಿಸಬೇಕು. ಆ ಜಾಗದಲ್ಲಿ ಮರೆ ಎಷ್ಟಿದೆ ಎಂದು ಅಳೆಯುವುದು ಹೀಗೆ. ಎಲ್ಲರೂ ನಿಂತುಕೊಂಡೇ ಎಣಿಸಲು ಶುರು ಮಾಡುತ್ತಾರೆ. ಮಂಡಿಯೂರಿ ಕೂತು ನೋಡಿ ಎಂದರೆ ನಗುತ್ತಾರೆ. ಚಿರತೆ ನಮ್ಮ ಎತ್ತರದಿಂದ ನೋಡುವುದಿಲ್ಲವಲ್ಲ!

ಹೋದ ಮಳೆಗಾಲ ಮುಗಿದ ಮೇಲೆ ಸೇರಿದ ಹುಡುಗ ಕುಂದಾಪುರದ ಕಡೆಯವನು. ಅಪ್ಪನಿಗೆ ಕಾಂದಿವಲಿಯಲ್ಲಿ ಹೋಟೆಲ್. ತುಳಸಿ ಕೆರೆಯ ಹತ್ತಿರ ಎದೆಮಟ್ಟ ಬೆಳೆದ ಹುಲ್ಲು ನೋಡಿ ಕೇಳಿದ: "ಅಕ್ಕ, ಜಿಂಕೆಗೆ ಅಡಗೋಕೆ ಬೇಕಾದಷ್ಟು ಜಾಗ ಇದೆ. ಸುರಕ್ಷಿತ ಅಂತ ಬರೀಲಾ?"

"ಅಡಗೋಕೆ ಜಾಗ ಚಿರತೆಗೂ ಇದೆ ಅಲ್ವಾ?" ಎಂದೆ.

ನಮ್ಮ ಕೆಲಸದ ತಿರುಳೆಲ್ಲ ಇರುವುದು ಇಲ್ಲೇ. ಸಫಾರಿ ಬೇಲಿಯೊಳಗಿನ ಹುಲಿ, ಸಿಂಹ ಬಿಟ್ಟರೆ ಈ ಕಾಡಿನ ದೊಡ್ಡ ಬೇಟೆಗಾರ ಚಿರತೆಯೇ. ಅದು ಓಡಿಸಿಕೊಂಡು ಹೋಗಿ ಹಿಡಿಯುವ ಪ್ರಾಣಿಯಲ್ಲ. ಸದ್ದಿಲ್ಲದೆ ಕೆಲವೇ ಮೀಟರ್ ಹತ್ತಿರಕ್ಕೆ ಬಂದು ಎರಗಬೇಕು. ಹಾಗೆ ಬರಲು ಅದಕ್ಕೂ ಮರೆ ಬೇಕು. ಆದ್ದರಿಂದ ಬೆಳೆದ ಜಿಂಕೆಗಳು ಮೋಟು ಹುಲ್ಲಿನ ಬಯಲಲ್ಲಿ ಹಿಂಡಾಗಿ ನಿಲ್ಲುತ್ತವೆ. ಬಯಲಲ್ಲಿ ದೂರಕ್ಕೆ ಕಾಣುತ್ತದೆ, ಒಂದು ತಲೆ ತಗ್ಗಿಸಿದರೆ ಇನ್ನೊಂದು ಎತ್ತಿರುತ್ತದೆ. ಹತ್ತಿರದ ಮರದಲ್ಲಿ ಮುಸುವಗಳಿದ್ದರೆ ಇನ್ನೂ ಒಳ್ಳೆಯದು. ಅವು ಬೀಳಿಸುವ ಎಲೆ, ಹಣ್ಣು ಸಿಗುತ್ತದೆ, ಮೇಲಿನಿಂದ ಕಾವಲೂ ಸಿಗುತ್ತದೆ.

ಅದೇ ಜಿಂಕೆಯ ಮರಿಯ ಲೆಕ್ಕ ಪೂರ್ತಿ ಉಲ್ಟಾ. ಹುಟ್ಟಿದ ಮೊದಲ ಕೆಲವು ದಿನ ಅದು ಓಡಿ ತಪ್ಪಿಸಿಕೊಳ್ಳಲಾರದು. ಹಾಗಾಗಿ ಹುಲ್ಲಿನಲ್ಲಿ ಮುದುರಿ ಮಲಗಿರುತ್ತದೆ. ತಾಯಿ ದೂರದಲ್ಲಿ ಮೇಯುತ್ತಾ, ಹಾಲು ಕುಡಿಸಲು ಮಾತ್ರ ಬಂದು ಹೋಗುತ್ತದೆ. ಅಮ್ಮನಿಗೆ ಅಪಾಯವಾದ ಹುಲ್ಲೇ ಮರಿಗೆ ತೊಟ್ಟಿಲು.

ಕಡವೆ ಮತ್ತೊಂದು ಜಾತಿ. ದಟ್ಟ ಕಾಡಿನಲ್ಲೇ ಒಂಟಿಯಾಗಿಯೋ ಎರಡು ಮೂರಾಗಿಯೋ ಇರುತ್ತದೆ. ಅನುಮಾನ ಬಂದರೆ ಮೊದಲು ಓಡುವುದಿಲ್ಲ, ಕಲ್ಲಿನಂತೆ ನಿಲ್ಲುತ್ತದೆ. ಆಮೇಲೆ ಕಾಲು ಅಪ್ಪಳಿಸಿ, ಬಾಲ ನಿಗುರಿಸಿ ಜೋರಾಗಿ ಕೂಗುತ್ತದೆ. ನಿನ್ನನ್ನು ನೋಡಿಬಿಟ್ಟೆ ಎಂದು ಚಿರತೆಗೇ ತಿಳಿಸಿದ ಹಾಗೆ. ಗುಟ್ಟು ರಟ್ಟಾದ ಮೇಲೆ ಹೊಂಚು ಹಾಕಿ ಏನು ಪ್ರಯೋಜನ? ಚಿರತೆ ಎಷ್ಟೋ ಸಲ ಸುಮ್ನೆ ಎದ್ದು ಹೋಗುತ್ತದೆ. ಆದರೆ ಬೇಟೆಗಾರ ಬದಲಾದರೆ ಕಡವೆಯ ಉಪಾಯವೂ ಬದಲಾಗುತ್ತದೆ. ನಮ್ಮ ನಾಗರಹೊಳೆಯಂಥ ಕಾಡಿನಲ್ಲಿ ಸೀಳುನಾಯಿಗಳ ಗುಂಪು ಅಟ್ಟಿಸಿಕೊಂಡು ಬಂದರೆ ಅದು ನೀರಿಗಿಳಿದು ನಿಲ್ಲುತ್ತದೆ. ದಣಿಸಿ ಹಿಡಿಯುವವರ ಮುಂದೆ ಕೂಗಿ ಉಪಯೋಗವಿಲ್ಲ.

ಪ್ರಾಣಿಗೆ ಎಲ್ಲಿ ಎಷ್ಟು ಹೆದರಿಕೆ ಎಂದು ಅಳೆಯಲು ಜೋಯೆಲ್ ಬ್ರೌನ್ ಎಂಬ ವಿಜ್ಞಾನಿ 1988ರಲ್ಲಿ ಒಂದು ಸರಳ ದಾರಿ ತೋರಿಸಿದರು. ಅಗಲದ ತಟ್ಟೆಯಲ್ಲಿ ಮರಳಿಗೆ ಕಾಳು ಬೆರೆಸಿ ಇಡುವುದು, ಇಲಿಗಳು ಬಂದು ತಿಂದು ಹೋದ ಮೇಲೆ ಉಳಿದದ್ದನ್ನು ತೂಗುವುದು. ಹೆದರಿಕೆ ಇರುವ ಕಡೆ ಇಲಿ ಬೇಗ ಕೈಬಿಡುತ್ತದೆ, ಕಾಳು ಜಾಸ್ತಿ ಉಳಿಯುತ್ತದೆ. ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಬರ್ಟ್ ಕಾಟ್ಲರ್, ಬ್ರೌನ್ ಮತ್ತು ಜೊತೆಗಾರರು ಇದೇ ತಟ್ಟೆಗಳನ್ನು ಬಳಸಿದರು. ಮೇಲೆ ಗೂಬೆ ಹಾರಾಡಿದರೆ ಮರುಭೂಮಿ ಇಲಿಗಳು ಪೊದೆಯ ಬುಡಕ್ಕೆ ಸರಿದವು. ಆದರೆ ಹಾವು ಕಾದು ಕೂರುವುದೂ ಪೊದೆಯ ಬುಡದಲ್ಲೇ. ಗೂಬೆಗೆ ಹೆದರಿ ಹೋದದ್ದು ಹಾವಿನ ಬಾಯಿಯ ಹತ್ತಿರಕ್ಕೆ! ನನಗೆ ಈ ಪ್ರಯೋಗ ಬಹಳ ಇಷ್ಟ. ದುಬಾರಿ ಯಂತ್ರ ಒಂದೂ ಬೇಕಿಲ್ಲ.

ಮರೆ ಎಂಬುದು ವರ್ಷವಿಡೀ ಒಂದೇ ಥರ ಇರುವುದೂ ಇಲ್ಲ. ಇಲ್ಲಿನ ಕಾರ್ವಿ ಗಿಡ ಎಂಟು ವರ್ಷಕ್ಕೊಮ್ಮೆ ಒಟ್ಟಿಗೆ ಹೂ ಬಿಟ್ಟು ಸಾಯುತ್ತದೆ. 2016ರಲ್ಲಿ ಬಿಟ್ಟಿತ್ತು, ಮತ್ತೆ 2024ರಲ್ಲಿ. ಆಮೇಲೆ ಉಳಿಯುವುದು ಒಣ ಕಡ್ಡಿ. ಹಳೆಯ ಅಳತೆ ನಂಬಿ ಆ ಪ್ಲಾಟ್‌ಗೆ, ಅಂದರೆ ನಾವು ಅಳೆಯಲು ಗುರುತಿಸಿದ ಜಾಗಕ್ಕೆ, ಹೋದರೆ ಲೆಕ್ಕವೇ ತಪ್ಪುತ್ತದೆ. ಬೇಸಿಗೆಯಲ್ಲಿ ಸಾಗವಾನಿ ಎಲೆ ಉದುರಿ ನೆಲದ ತುಂಬ ಹಪ್ಪಳದ ಹಾಸಿಗೆ. ಒಂದು ಹೆಜ್ಜೆಗೂ ಸದ್ದು. ಚಿರತೆಗಳು ಕಾಲುದಾರಿ, ಮಣ್ಣಿನ ರಸ್ತೆ ಹಿಡಿಯಲು ಇದೂ ಒಂದು ಕಾರಣ ಎಂದು ನನ್ನ ಅಂದಾಜು. ಪ್ರಾಣಿ ಹಾದುಹೋದರೆ ತಾನಾಗಿಯೇ ಫೋಟೋ ತೆಗೆಯುವ ಕ್ಯಾಮೆರಾ ಟ್ರ್ಯಾಪ್ ನಾವು ಕಟ್ಟುವುದೂ ಅಂಥ ದಾರಿಗಳಲ್ಲೇ. ಕಣ್ಣಿನ ಮರೆಯನ್ನು ಹಲಗೆ ಹೇಳುತ್ತದೆ, ಕಿವಿಯ ಮರೆಯನ್ನು ಹೇಳುವುದಿಲ್ಲ. ಹಾಗಾಗಿ ನಮ್ಮ ಹಾಳೆಯಲ್ಲಿ ತರಗೆಲೆಗೆ ಬೇರೆ ಕಾಲಂ ಇದೆ. ಜೊತೆಗೆ ಪ್ರತಿ ಪ್ಲಾಟ್‌ನಲ್ಲಿ ಚಿರತೆಯ ಕಣ್ಣಿನ ಎತ್ತರದಿಂದ ಒಂದು ಎಣಿಕೆ, ಜಿಂಕೆಯ ಕಣ್ಣಿನ ಎತ್ತರದಿಂದ ಇನ್ನೊಂದು.

ಕಾಡಿನ ಅಂಚಿನ ಒಂದು ಸೊಸೈಟಿಯವರು ಚಿರತೆ ಭಯಕ್ಕೆ ಕಾಂಪೌಂಡಿನ ಪೊದೆಯೆಲ್ಲ ಕಡಿಸಲೇ ಎಂದು ನಮ್ಮನ್ನು ಕೇಳಿದ್ದರು. ಮಕ್ಕಳು ಓಡಾಡುವ ದಾರಿಯ ಪಕ್ಕದ್ದು ಕಡಿಸಿ, ಲೈಟ್ ಹಾಕಿಸಿ ಎಂದೆವು. ಅದಕ್ಕಿಂತ ಮೊದಲು ಕಸ ತೆಗೆಸಿ, ಕಸಕ್ಕೆ ನಾಯಿ ಬರುತ್ತದೆ, ನಾಯಿ ಹಿಂದೆ ಚಿರತೆ ಬರುತ್ತದೆ ಎಂದೂ ಹೇಳಿದೆವು. ಪೊದೆ ಮರುವಾರವೇ ಹೋಯಿತು. ಕಸದ ವಿಷಯ ಇನ್ನೂ ಮೀಟಿಂಗ್‌ನಲ್ಲಿದೆ.