ಮೊದಲ ಗುದ್ದಲಿಗೆ ಇಷ್ಟು ಅವಸರ ಯಾಕೆ?

ನಾನು ಪ್ಲಾನಿಂಗ್ ಇಂಜಿನಿಯರ್. ದೊಡ್ಡ ಕಟ್ಟಡಗಳ ಸೈಟಿನಲ್ಲಿ ಯಾವ ಕೆಲಸ ಯಾವಾಗ ಶುರುವಾಗಬೇಕು, ಯಾವುದು ಮುಗಿಯದೆ ಯಾವುದಕ್ಕೆ ಕೈ ಹಾಕಬಾರದು ಅಂತ ಲೆಕ್ಕ ಹಾಕುವುದು ನನ್ನ ಕೆಲಸ. ಪ್ರಾಜೆಕ್ಟ್ ತಡವಾದರೆ ಎಲ್ಲರೂ ಕೊನೆಯ ಕೆಲವು ತಿಂಗಳನ್ನೇ ಬೈಯುತ್ತಾರೆ. ಮಳೆ ಬಿಡಲಿಲ್ಲ, ಜನ ಸಿಗಲಿಲ್ಲ, ಗುತ್ತಿಗೆದಾರ ಕೈಕೊಟ್ಟ. ನಾನು ಹಳೆಯ ಫೈಲು ತೆಗೆದು ಒಂದೇ ವಿಷಯ ಹುಡುಕುತ್ತೇನೆ. ಕೆಲಸ ಶುರುವಾದ ದಿನ ಎಷ್ಟು ಡ್ರಾಯಿಂಗ್‌ಗಳು ಪೂರ್ತಿಯಾಗಿದ್ದವು? ಹೆಚ್ಚಿನ ಸಲ ತಡದ ಮೂಲ ಅಲ್ಲೇ ಸಿಗುತ್ತದೆ.

ತೀರಾ ಸಣ್ಣ ಉದಾಹರಣೆ ಕೊಡುತ್ತೇನೆ. ಸ್ಲ್ಯಾಬ್ ಹಾಕುವ ಮೊದಲು ನೀರಿನ ಪೈಪು, ಕೇಬಲ್ಲು ಹಾದುಹೋಗುವ ಜಾಗದಲ್ಲಿ ಸ್ಲೀವ್ ಇಡುತ್ತೇವೆ. ಸ್ಲೀವ್ ಅಂದರೆ ಬರೀ ಒಂದು ಪೈಪಿನ ತುಂಡು. ಸುತ್ತ ಕಾಂಕ್ರೀಟ್ ಗಟ್ಟಿಯಾಗುತ್ತದೆ, ತೂತು ತನ್ನಷ್ಟಕ್ಕೆ ಉಳಿಯುತ್ತದೆ. ಸ್ವಲ್ಪ ಹೊತ್ತಿನ ಕೆಲಸ. ಆದರೆ ಪ್ಲಂಬಿಂಗ್ ಡ್ರಾಯಿಂಗ್ ಇನ್ನೂ ಬಂದಿಲ್ಲ, ಸ್ಲ್ಯಾಬಿನ ತಾರೀಖು ಮಾತ್ರ ಗಟ್ಟಿಯಾಗಿದೆ ಅಂತಿಟ್ಟುಕೊಳ್ಳಿ. "ಹಾಕಿಬಿಡಿ, ಆಮೇಲೆ ನೋಡ್ಕೊಳ್ಳೋಣ" ಅನ್ನುತ್ತಾರೆ. ಆಮೇಲೆ ಕೋರ್ ಕಟಿಂಗ್ ಮೆಷಿನ್ ಬರುತ್ತದೆ. ಗಟ್ಟಿಯಾದ ಕಾಂಕ್ರೀಟನ್ನು ಕೊರೆಯಬೇಕು. ನೀರು, ಬೂದು ಬಣ್ಣದ ರಾಡಿ, ಪಕ್ಕದವರ ಮಾತು ಕೇಳಿಸದಷ್ಟು ಸದ್ದು. ಕೊರೆಯುವಾಗ ಕಂಬಿ ಅಡ್ಡ ಸಿಕ್ಕರೆ ಕತ್ತರಿಸಬಹುದಾ ಅಂತ ಸ್ಟ್ರಕ್ಚರಲ್ ಇಂಜಿನಿಯರನ್ನು ಕೇಳಬೇಕು. ಅವರು ಬೇಡ ಅಂದರೆ ಪೈಪಿನ ದಾರಿಯೇ ಬದಲಾಗಬೇಕು. ಪೈಪು ಪಕ್ಕಕ್ಕೆ ಸರಿದರೆ ಕೆಳಗಿನ ಮಹಡಿಯ ಫಾಲ್ಸ್ ಸೀಲಿಂಗ್ ಇಳಿಯಬೇಕು. ಒಂದು ತೂತಿಗಾಗಿ ಮೂರು ತಂಡಗಳು ಕೈಕಟ್ಟಿ ಕೂರುತ್ತವೆ. ದೊಡ್ಡ ಕಟ್ಟಡದಲ್ಲಿ ಇಂಥ ತೂತುಗಳಿಗೆ ಲೆಕ್ಕವೇ ಇಲ್ಲ.

ಸಿಡ್ನಿ ಒಪೆರಾ ಹೌಸಿನಲ್ಲಿ ಆದದ್ದೂ ಇದೇ, ಅಳತೆ ಮಾತ್ರ ದೊಡ್ಡದು. 1957ರಲ್ಲಿ ಡೆನ್ಮಾರ್ಕಿನ ಯೋರ್ನ್ ಉಟ್ಸನ್ ಅವರ ವಿನ್ಯಾಸ ಸ್ಪರ್ಧೆಯಲ್ಲಿ ಗೆದ್ದಿತು. ಆ ಚಿಪ್ಪಿನಂಥ ಛಾವಣಿಯನ್ನು ಕಟ್ಟುವುದು ಹೇಗೆ ಅನ್ನುವುದು ಆಗಿನ್ನೂ ಬಗೆಹರಿದಿರಲಿಲ್ಲ. ಆದರೂ 1959ರ ಮಾರ್ಚ್‌ನಲ್ಲಿ ಕೆಲಸ ಶುರು ಮಾಡಿದರು. ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್ ರಾಜ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿಯಂತೆ) ಜೋ ಕಾಹಿಲ್ ಅವರಿಗೆ ತಮ್ಮ ಸರ್ಕಾರ ಇರುವಾಗಲೇ ಇದಕ್ಕೆ ಕೈ ಹಾಕಬೇಕಿತ್ತು, ತಡ ಮಾಡಿದರೆ ಯೋಜನೆಯೇ ಬಿದ್ದುಹೋದೀತು ಅನ್ನುವ ಭಯ. ಛಾವಣಿಯ ಚಿಪ್ಪುಗಳನ್ನೆಲ್ಲ ಒಂದೇ ಗೋಳದ ಮೈಯಿಂದ ಕತ್ತರಿಸಿದ ತುಂಡುಗಳಂತೆ ಮಾಡಬಹುದು ಅನ್ನುವ ಉಪಾಯ ಹೊಳೆದದ್ದು ಕೆಲಸ ಶುರುವಾಗಿ ವರ್ಷಗಳಾದ ಮೇಲೆ. ಅಷ್ಟರಲ್ಲಿ ಕೆಳಗಿನ ಕಂಬಗಳು ಎದ್ದು ನಿಂತಿದ್ದವು. ಆ ಕಂಬಗಳಿಗೆ ಈ ಛಾವಣಿಯ ಭಾರ ತಡೆಯುವ ಶಕ್ತಿ ಇರಲಿಲ್ಲ. ಒಡೆದು ಮತ್ತೆ ಕಟ್ಟಬೇಕಾಯಿತು. 1963ಕ್ಕೆ ಮುಗಿಯಬೇಕಿದ್ದ ಕಟ್ಟಡ ಬಾಗಿಲು ತೆರೆದದ್ದು 1973ರಲ್ಲಿ. ಆಸ್ಟ್ರೇಲಿಯನ್ ಡಾಲರ್ ಲೆಕ್ಕದಲ್ಲಿ ಮೊದಲ ಅಂದಾಜು 70 ಲಕ್ಷ, ಕೊನೆಗೆ ಆದದ್ದು 10 ಕೋಟಿ 20 ಲಕ್ಷ.

ಇದನ್ನು ಹೇಳಿದಾಗೆಲ್ಲ ಯಾರಾದರೂ ಕೇಳುತ್ತಾರೆ, "ಆದರೂ ಎಂಥಾ ಕಟ್ಟಡ ಆಯಿತು, ಅಲ್ವಾ? ಲೆಕ್ಕ ಹಾಕುತ್ತಾ ಕೂತಿದ್ದರೆ ಅದು ಆಗುತ್ತಲೇ ಇರಲಿಲ್ಲ." ಕಟ್ಟಡ ನನಗೂ ಇಷ್ಟ. ಆದರೆ ಈ ವಾದ ನನಗೆ ಒಪ್ಪಿಗೆ ಇಲ್ಲ. ಖರ್ಚಿನ ಜಗಳ ಜಾಸ್ತಿಯಾಗಿ 1966ರಲ್ಲಿ ಉಟ್ಸನ್ ಕೆಲಸ ಬಿಟ್ಟು ಹೊರಟುಹೋದರು. 2008ರಲ್ಲಿ ತೀರಿಕೊಂಡರು, ಮುಗಿದ ಕಟ್ಟಡವನ್ನು ಒಂದು ಸಲವೂ ಬಂದು ನೋಡಲಿಲ್ಲ. ಒಳಗಿನ ಸಭಾಂಗಣಗಳು ಅವರು ಯೋಚಿಸಿದಂತೆ ಆಗಲೂ ಇಲ್ಲ. ಅವಸರದ ಬೆಲೆಯಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು.

ಯೋಚಿಸಿ ಕಟ್ಟಿದರೆ ನಿಧಾನವಾಗುತ್ತದೆ ಅನ್ನುವವರಿಗೆ ನಾನು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಬಿಲ್ಡಿಂಗಿನ ಕಥೆ ಹೇಳುತ್ತೇನೆ. 102 ಮಹಡಿ. 1930ರ ಮಾರ್ಚ್ 17ಕ್ಕೆ ಕಟ್ಟಡದ ಕೆಲಸ ಶುರು, 1931ರ ಮೇ 1ಕ್ಕೆ ಉದ್ಘಾಟನೆ. ಉಕ್ಕಿನ ಚೌಕಟ್ಟು ವಾರಕ್ಕೆ ಸರಾಸರಿ ನಾಲ್ಕೂವರೆ ಮಹಡಿ ಏರುತ್ತಿತ್ತು! ಬಾಡಿಗೆದಾರರು ಬರುವ ದಿನವನ್ನು ಮೊದಲು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿದ್ದರು. ಪ್ರತಿ ಉಕ್ಕಿನ ತೊಲೆಯ ಮೇಲೂ ಅದು ಎಲ್ಲಿ ಕೂರಬೇಕು ಅನ್ನುವ ಗುರುತು ಇರುತ್ತಿತ್ತು. ಸೈಟಿಗೆ ಬಂದ ಮಾಲು ನೇರ ಮೇಲೆ ಹೋಗುತ್ತಿತ್ತು, ಕೆಳಗೆ ರಾಶಿ ಹಾಕಲು ಆ ಬೀದಿಯಲ್ಲಿ ಜಾಗವೂ ಇರಲಿಲ್ಲ. ಮಹಡಿಗಳಲ್ಲಿ ಪುಟ್ಟ ರೈಲು ಹಳಿ ಹಾಕಿ, ಸಾಮಾನನ್ನು ಬಂಡಿಯಲ್ಲಿ ತಳ್ಳುತ್ತಿದ್ದರು. ನನಗೆ ತುಂಬಾ ಹಿಡಿಸಿದ್ದು ಹೊರಗೋಡೆ. ಕಲ್ಲಿಗೂ ಕಿಟಕಿಗೂ ನಡುವೆ ಲೋಹದ ಪಟ್ಟಿ ಇಟ್ಟರು. ಕಲ್ಲಿನ ಅಂಚನ್ನು ಆ ಪಟ್ಟಿ ಮುಚ್ಚುತ್ತದೆ, ಹಾಗಾಗಿ ಸೈಟಿನಲ್ಲಿ ಕಲ್ಲನ್ನು ಕೆತ್ತಿ ಕೂರಿಸುವ ಕೆಲಸವೇ ಇಲ್ಲ. ಡ್ರಾಯಿಂಗ್ ಮೇಜಿನ ಮೇಲಿನ ಆ ಒಂದು ತೀರ್ಮಾನ ಎಷ್ಟು ಜನರ ಎಷ್ಟು ದಿನ ಉಳಿಸಿತೋ!

ಅದೇ ಕಟ್ಟಡ ತೆರೆದಾಗ ಆರ್ಥಿಕ ಕುಸಿತದ ಕಾಲ. ಬಾಡಿಗೆಗೆ ಜನ ಬರಲಿಲ್ಲ, ವರ್ಷಗಟ್ಟಲೆ ಅರ್ಧಕ್ಕರ್ಧ ಖಾಲಿ ಇತ್ತು. ಹೇಗೆ ಕಟ್ಟಬೇಕು ಅನ್ನುವುದಕ್ಕೆ ಅವರ ಹತ್ತಿರ ಉತ್ತರ ಇತ್ತು, ಯಾರು ಬರುತ್ತಾರೆ ಅನ್ನುವುದು ಅವರ ಕೈ ಮೀರಿ ಹೋಗಿತ್ತು. ಪ್ಲಾನಿಂಗ್ ಎಲ್ಲದರಿಂದಲೂ ಕಾಪಾಡುತ್ತದೆ ಅಂತ ನಾನು ಹೇಳುವುದಿಲ್ಲ.

ಇನ್ನು ಕಟ್ಟುತ್ತಿರುವಾಗಲೇ ಮನಸ್ಸು ಬದಲಾಯಿಸುವವರ ಕಥೆಗೆ ಬರ್ಲಿನ್ನಿನ ಬ್ರಾಂಡೆನ್‌ಬುರ್ಗ್ ವಿಮಾನ ನಿಲ್ದಾಣ ಒಂದು ಸಾಕು. ಕೆಲಸ ಶುರುವಾದ ಮೇಲೂ ವಿನ್ಯಾಸ ಬದಲಾಗುತ್ತಲೇ ಹೋಯಿತು. 2012ರ ಜೂನ್ 3ಕ್ಕೆ ಉದ್ಘಾಟನೆ ನಿಗದಿಯಾಗಿತ್ತು. ನಾಲ್ಕು ವಾರವೂ ಉಳಿದಿಲ್ಲ ಅನ್ನುವಾಗ ರದ್ದಾಯಿತು. ಬೆಂಕಿ ಬಿದ್ದರೆ ಹೊಗೆ ಹೊರಹಾಕುವ ವ್ಯವಸ್ಥೆ ಸರಿಯಿರಲಿಲ್ಲ. ಕೊನೆಗೆ ತೆರೆದದ್ದು 2020ರ ಅಕ್ಟೋಬರ್ 31ಕ್ಕೆ.

ಪ್ಲಾನಿಂಗ್ ಅಂದರೆ ಬಣ್ಣಬಣ್ಣದ ಬಾರ್ ಚಾರ್ಟ್ ಅಂದುಕೊಂಡವರೇ ಜಾಸ್ತಿ. ಗೋಡೆ ತುಂಬಾ ಅಂಟಿಸುತ್ತಾರೆ, ನೋಡಲು ಚೆನ್ನಾಗಿರುತ್ತದೆ. ಕೆಲಸ ಮಾಡುವ ಮೇಸ್ತ್ರಿಯನ್ನು, ಪೈಪ್ ಹಾಕುವವರನ್ನು ಕೇಳದೆ ಬರೆದ ಚಾರ್ಟು ಸುಮ್ನೆ ಆಸೆಯ ಪಟ್ಟಿ. ಹಿಂದೆ ಇಂಥದ್ದೇ ಕಟ್ಟಿದವರಿಗೆ ನಿಜವಾಗಿ ಎಷ್ಟು ದಿನ ಹಿಡಿಯಿತು ಅಂತ ಮೊದಲು ವಿಚಾರಿಸಬೇಕು. "ನಾವು ಅವರಿಗಿಂತ ಬೇಗ ಮಾಡ್ತೀವಿ" ಅಂದರೆ, ಯಾವ ಕೆಲಸದಲ್ಲಿ, ಹೇಗೆ ಅಂತ ತೋರಿಸಿಕೊಡಬೇಕು.

ಈಗ ನಾನು ಚಾರ್ಟಿನ ಪಕ್ಕದಲ್ಲೇ ಇನ್ನೊಂದು ಹಾಳೆ ಅಂಟಿಸುತ್ತೇನೆ. ಇನ್ನೂ ತೀರ್ಮಾನ ಆಗದ ವಿಷಯ, ಅದನ್ನು ತೀರ್ಮಾನಿಸಬೇಕಾದವರ ಹೆಸರು, ಯಾವ ದಿನದೊಳಗೆ ಅನ್ನುವುದು. ಮೀಟಿಂಗಿನಲ್ಲಿ ಮೊದಲು ಓದುವುದು ಅದನ್ನೇ. ಕೆಲವರಿಗೆ ಕಿರಿಕಿರಿಯಾಗುತ್ತದೆ, ಆಗಲಿ. ಸದ್ಯ ಆ ಹಾಳೆಯಲ್ಲಿ ಲಿಫ್ಟ್ ಬಾಕಿ ಇದೆ. ಯಾವ ಕಂಪನಿಯ ಯಾವ ಮಾಡೆಲ್ ಅಂತ ಗೊತ್ತಾಗದೆ ಲಿಫ್ಟಿನ ಕೆಳಗೆ ತೋಡುವ ಹಳ್ಳದ ಆಳ ಗೊತ್ತಾಗುವುದಿಲ್ಲ. ಆ ತೀರ್ಮಾನ ಬರುವವರೆಗೆ ಅಡಿಪಾಯದ ಆ ಭಾಗಕ್ಕೆ ತಾರೀಖು ಕೊಡುವುದಿಲ್ಲ ಅಂತ ಹೇಳಿದ್ದೇನೆ.