ಆ ಕಾಸ್ಟ್ ಯಾಕಿತ್ತು ಅಂತ ಯಾರೂ ಬರೆದಿರ್ಲಿಲ್ಲ

ನಮ್ಮ ಜಾವಾ ಕೋಡನ್ನ ಓಡಿಸದೇನೇ ತಪ್ಪು ಹುಡುಕೋ ಸ್ಟ್ಯಾಟಿಕ್ ಅನಾಲಿಸಿಸ್ ಟೂಲಲ್ಲಿ ಬೇಡದ ಕಾಸ್ಟ್‌ಗಳ (ಒಂದು ಟೈಪನ್ನ ಇನ್ನೊಂದು ಟೈಪಾಗಿ ನೋಡು ಅಂತ ಕಂಪೈಲರ್‌ಗೆ ಹೇಳೋದು) ವಾರ್ನಿಂಗ್ ರಾಶಿ ಬಿದ್ದಿತ್ತು, ಟೀಮಿಗೆ ಹೊಸದಾಗಿ ಬಂದ ಹುಡುಗಿಗೆ ಕ್ಲೀನ್ ಮಾಡೋಕೆ ಕೊಟ್ರು. ಮುಕ್ಕಾಲುಪಾಲು ನಿಜವಾಗ್ಲೂ ಕಸಾನೇ. 2004ರಲ್ಲಿ ಜಾವಾ 5 ಜೊತೆ ಜೆನೆರಿಕ್ಸ್ (ಲಿಸ್ಟಲ್ಲಿ ಯಾವ ಟೈಪ್ ಇರುತ್ತೆ ಅಂತ ಮೊದಲೇ ಹೇಳೋ ಸೌಲಭ್ಯ) ಬಂದ್ಮೇಲೆ ಸ್ಟ್ರಿಂಗ್ ಲಿಸ್ಟಿಂದ ತೆಗೆದಿದ್ದನ್ನ ಮತ್ತೆ ಸ್ಟ್ರಿಂಗ್‌ಗೆ ಕಾಸ್ಟ್ ಮಾಡೋದ್ಯಾಕೆ? ಒಂದೊಂದೇ ನೋಡ್ಕೊಂಡು ತೆಗೆದ್ಲು, ಅಚ್ಚುಕಟ್ಟಾದ ಕೆಲಸ.

ಅದ್ರಲ್ಲೊಂದು, ಫ್ಲಿಪ್ ಅನ್ನೋ ಮೆಥಡ್ ಕರೆಯೋ ಮುಂಚೆ ಬೈಟ್‌ಬಫರನ್ನ ಅದರ ಮೂಲ ಕ್ಲಾಸಾದ ಬಫರ್‌ಗೆ ಕಾಸ್ಟ್ ಮಾಡಿದ್ದ ಸಾಲು. ತೆಗೆದ್ರೂ ಬಿಲ್ಡ್ ಪಾಸ್, ಟೆಸ್ಟ್ ಪಾಸ್, ಯಾಕಂದ್ರೆ ನಮ್ಮಲ್ಲಿ ಎಲ್ಲಾ ಜಾವಾ 11. ಕ್ಲೈಂಟ್‌ನ ಸರ್ವರಲ್ಲಿ ಇನ್ನೂ ಜಾವಾ 8, ಅಲ್ಲಿ ಹೋಗಿ ನೋ ಸಚ್ ಮೆಥಡ್ ಎರರ್ (ಅಂಥ ಮೆಥಡ್ಡೇ ಇಲ್ಲ) ಅಂತ ಬಿದ್ದೋಯ್ತು.

"ಯಾರ್ರೀ ಇದನ್ನ ತೆಗೆದಿದ್ದು?" ಲೀಡ್ ಕಾಲ್‌ನಲ್ಲಿ ಎಲ್ಲರ ಮುಂದೆ ಗದರಿದ್ರು.

"ನಾನೇ ಸರ್. ಟೂಲ್ ಬೇಡ ಅಂತಿತ್ತು, ಅದು ಯಾಕಿದೆ ಅಂತ ಎಲ್ಲೂ ಬರೆದಿರ್ಲಿಲ್ಲ."

ಈ ಮಾತು ವಾರವಿಡೀ ನನ್ನ ತಲೇಲಿ ಸುತ್ತುತಾನೇ ಇದೆ. ಎಲ್ಲೂ ಬರೆದಿರ್ಲಿಲ್ಲ!

ಆಮೇಲೆ ನಾನೂ ಅವಳೂ ಕೂತು ಹಳೇ, ಹೊಸ ಕ್ಲಾಸ್ ಫೈಲ್ (ಕಂಪೈಲ್ ಆದ ಕೋಡ್) ಎರಡನ್ನೂ, ಒಳಗೇನಿದೆ ಅಂತ ತೋರ್ಸೋ ಜಾವಾಪಿ ಟೂಲಲ್ಲಿ ಬಿಚ್ಚಿ ನೋಡಿದ್ವಿ. ಫ್ಲಿಪ್ ಸಾಲಿನ ಕೊನೇಲಿ ಹಳೇದ್ರಲ್ಲಿ ಬಫರ್, ಹೊಸದ್ರಲ್ಲಿ ಬೈಟ್‌ಬಫರ್. ಜಾವಾ 8ರಲ್ಲಿ ಫ್ಲಿಪ್ ಇರೋದು ಬಫರ್ ಕ್ಲಾಸಲ್ಲಿ ಮಾತ್ರ, 9ರಿಂದ ಬೈಟ್‌ಬಫರ್‌ಗೇ ತನ್ನದೊಂದು ಫ್ಲಿಪ್ ಬಂತು. ಕಂಪೈಲರ್‌ಗೆ ಸೋರ್ಸ್, ಟಾರ್ಗೆಟ್ ಆಪ್ಷನ್‌ಗಳಲ್ಲಿ 8 ಅಂತ ಕೊಟ್ಟಿದ್ರೂ ಅದು ನೋಡಿದ್ದು 11ರ ಲೈಬ್ರರೀನ, ಹಾಗಾಗಿ ಹೊಸ ಫ್ಲಿಪ್ಪನ್ನೇ ಬರೆದಿಟ್ಟಿತ್ತು. ಅವೆರಡನ್ನ ಬಿಟ್ಟು ರಿಲೀಸ್ ಅನ್ನೋ ಆಪ್ಷನಲ್ಲಿ 8 ಅಂತ ಕೊಟ್ರೆ 8ರ ಲೈಬ್ರರಿ ಲೆಕ್ಕದಲ್ಲೇ ಕಂಪೈಲ್ ಆಗುತ್ತೆ, ಆಗ ಆ ಕಾಸ್ಟ್ ನಿಜಕ್ಕೂ ಬೇಡ. ಹಾಗೇ ಮಾಡಿದ್ವಿ, ಜಾವಾ 8ರಲ್ಲೇ ಓಡಿಸಿ ನೋಡಿ ಕಳಿಸಿದ್ವಿ.

ಆ ಕಾಸ್ಟ್ ಹಾಕಿದವ್ರಿಗೆ ಇದೆಲ್ಲ ಗೊತ್ತಿತ್ತು. ಒಂದು ಸಾಲು ಕಾಮೆಂಟ್ ಬರೆಯದೇ ಕೆಲಸ ಬಿಟ್ಟು ಹೋದ್ರು, ಅವರನ್ನ ಇವತ್ತಿಗೂ ಎಂಥಾ ಬುದ್ಧಿವಂತ ಅಂತ ಹೊಗಳ್ತಾರೆ. ನಂಗೆ ಹಾಗನ್ಸಲ್ಲ. ಗೊತ್ತಿರೋದನ್ನ ಹಿಂದೆ ಬರೋರಿಗೆ ಬಿಟ್ಟು ಹೋಗದಿದ್ರೆ ಅದೆಂಥಾ ಹಿರಿತನ? ಕಾರಣ ತಲೆಯಲ್ಲಿಟ್ಕೊಂಡು ಹೋದವ್ರಿಗೆ ಹೊಗಳಿಕೆ, ಕೊಟ್ಟ ಕೆಲಸ ಶ್ರದ್ಧೆಯಿಂದ ಮಾಡಿದವಳಿಗೆ ಬೈಗುಳ. ಲೀಡ್ ಕೆಟ್ಟವ್ರಲ್ಲ, ಆದ್ರೆ ಕೇಳಬೇಕಿದ್ದು ಯಾರು ತೆಗೆದ್ರು ಅಂತಲ್ಲ, ನಮ್ಮ ಟೆಸ್ಟ್ ಜಾವಾ 8ರಲ್ಲಿ ಯಾಕೆ ಓಡ್ತಿರ್ಲಿಲ್ಲ ಅಂತ. ಇದನ್ನ ಅವ್ರಿಗೇ ನೇರವಾಗಿ ಹೇಳಿದೀನಿ, ಅವಳ ಹತ್ರ ಮಾತಾಡಿ ಅಂತಾನೂ ಹೇಳಿದೀನಿ. ನೋಡ್ತೀನಿ ಅಂದ್ರು.